ಚಿಕ್ಕ ಮಕ್ಕಳಿದ್ದಾರೆ, ಊರಾಚೆ ಯಾವ ಏರಿಯಾ ನೋಡಲಿ?

ಬೆಂಗಳೂರಿನ ಹೊರವಲಯದಲ್ಲಿ ಮನೆ ಹುಡುಕುತ್ತಿರುವ, ಚಿಕ್ಕ ಮಕ್ಕಳಿರುವ ಓದುಗರ ಪ್ರಶ್ನೆಗಳಿಗೆ ಈ ಬಾರಿಯ ಅಂಕಣ ಮೀಸಲು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಕೆಲಸ ಪೀಣ್ಯದಲ್ಲಿ, ಹೆಂಡತಿಯದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಮಕ್ಕಳಿಗೆ ಆರು ಮತ್ತು ಮೂರು ವರ್ಷ. ಇಬ್ಬರಿಗೂ ನಡುವೆ ಬರುವ ಏರಿಯಾ ಹುಡುಕಬೇಕೋ, ಒಬ್ಬರ ಕಚೇರಿ ಪಕ್ಕದಲ್ಲೇ ಇರಬೇಕೋ?
— ಓದುಗರು, ತುಮಕೂರು

ಉತ್ತರ: ನಕ್ಷೆಯಲ್ಲಿ ನಡುಬಿಂದು ಹುಡುಕಲು ಹೋಗಬೇಡಿ. ಮೊದಲು ಒಂದು ವಿಷಯ ತೀರ್ಮಾನಿಸಿ: ಮಧ್ಯಾಹ್ನ ಎರಡು ಗಂಟೆಗೆ ‘ಮಗುವಿಗೆ ಜ್ವರ, ಬಂದು ಕರ್ಕೊಂಡ್ ಹೋಗಿ’ ಅಂತ ಫೋನ್ ಬಂದರೆ ಹೊರಡುವವರು ಯಾರು? ಅವರ ಕಚೇರಿಗೆ ಮನೆ ಹತ್ತಿರವಿರಲಿ. ಬಾಗಿಲಿಂದ ಬಾಗಿಲಿಗೆ 45 ನಿಮಿಷ ಮೀರದಿದ್ದರೆ ಸಾಕು. ಇನ್ನೊಬ್ಬರು ಒಂದೂಕಾಲು ಗಂಟೆ ಓಡಾಡಿದರೂ ಸಂಸಾರ ನಡೆಯುತ್ತದೆ. ಇಬ್ಬರೂ ಒಂದೊಂದು ಗಂಟೆ ದೂರದಲ್ಲಿದ್ದರೆ ಡೇಕೇರ್ ಮುಚ್ಚುವ ಹೊತ್ತಿಗೆ ತಲುಪಲು ದಿನವೂ ಒಬ್ಬರು ಓಡುತ್ತಿರಬೇಕಾಗುತ್ತದೆ.

ನಿಮ್ಮ ವಿಷಯದಲ್ಲಿ ಮೆಟ್ರೋ ಉಪಕಾರಿ. ಪೀಣ್ಯ ಹಸಿರು ಮಾರ್ಗದಲ್ಲಿದೆ. ಎಲೆಕ್ಟ್ರಾನಿಕ್ ಸಿಟಿ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗದಲ್ಲಿದೆ. ಎರಡೂ ಆರ್.ವಿ. ರಸ್ತೆ ನಿಲ್ದಾಣದಲ್ಲಿ ಕೂಡುತ್ತವೆ. ಫೋನ್ ಬಂದರೆ ಹೊರಡುವವರು ನಿಮ್ಮ ಹೆಂಡತಿ ಎಂದಾದರೆ ಸಿಂಗಸಂದ್ರ, ಹೊಸ ರೋಡ್ ಕಡೆ ನೋಡಿ. ನೀವೇ ಎಂದಾದರೆ ದಾಸರಹಳ್ಳಿ, ನಾಗಸಂದ್ರ ಕಡೆ. ವಾರಕ್ಕೆ ಮೂರು ದಿನ ಅವರು, ಎರಡು ದಿನ ನೀವು ಎಂಬಂತಿದ್ದರೆ ಕನಕಪುರ ರಸ್ತೆಯ ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ವಾಜರಹಳ್ಳಿ ಆಗಬಹುದು. ಅಲ್ಲಿಂದ ನಿಮಗೆ ಒಂದೇ ರೈಲು, ಅವರಿಗೆ ಒಂದು ಬದಲಾವಣೆ.

‘ಮೆಟ್ರೋಗೆ ಹತ್ತೇ ನಿಮಿಷ’ ಎಂಬ ಬ್ರೋಕರ್ ಮಾತನ್ನು ಮಾತ್ರ ಹಾಗೇ ನಂಬಬೇಡಿ. ಅದು ಅವರ ಬೈಕಿನ ಹತ್ತು ನಿಮಿಷ. ಮೂರು ವರ್ಷದ ಮಗುವಿನ ಕೈ ಹಿಡಿದು ಅರ್ಧ ಕಿಲೋಮೀಟರ್ ನಡೆಯಲು ಹನ್ನೆರಡರಿಂದ ಹದಿನೈದು ನಿಮಿಷ ಬೇಕು, ಅದೂ ದಾರಿಯಲ್ಲಿ ನಾಯಿಮರಿ ಕಾಣಿಸದಿದ್ದರೆ. ಸ್ಕೂಲು, ಅಂಗಡಿ, ಪಾರ್ಕು ಮುಖ್ಯರಸ್ತೆಯ ಯಾವ ಬದಿಗಿವೆ ಎಂಬುದನ್ನೂ ನೋಡಿ. ಎದುರು ಬದಿಗಿದ್ದರೆ ದಿನಕ್ಕೆ ನಾಲ್ಕು ಸಲ ರಸ್ತೆ ದಾಟಬೇಕು. ಸ್ಕೈವಾಕ್ ಇದ್ದರೂ ಲಿಫ್ಟ್ ಕೆಲಸ ಮಾಡುತ್ತದೆಯೇ ನೋಡಿಕೊಳ್ಳಿ.

ಏರಿಯಾ ನೋಡಲು ಬಹುತೇಕ ಎಲ್ಲರೂ ಹೋಗುವುದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿನಲ್ಲಿ ಎಲ್ಲ ಬಡಾವಣೆಗಳೂ ಸ್ವರ್ಗವೇ. ಬದಲಿಗೆ ವಾರದ ದಿನ ಎರಡು ಸಲ ಹೋಗಿ. ಬೆಳಿಗ್ಗೆ ಏಳೂವರೆಯಿಂದ ಎಂಟೂವರೆವರೆಗೆ ಬೀದಿ ತಿರುವಿನಲ್ಲಿ ನಿಂತರೆ ಸ್ಕೂಲ್ ವ್ಯಾನು ಒಳಗೆ ಬರುತ್ತದೆಯೋ, ಮಕ್ಕಳೇ ಮುಖ್ಯರಸ್ತೆಗೆ ಹೋಗಿ ಕಾಯುತ್ತವೆಯೋ, ಕಸದ ಆಟೋ ಬರುತ್ತದೆಯೋ ಇಲ್ಲವೋ, ಎಲ್ಲ ಗೊತ್ತಾಗುತ್ತದೆ. ಸಂಜೆ ಐದರಿಂದ ಆರೂವರೆವರೆಗೆ ಇನ್ನೊಮ್ಮೆ ಹೋಗಿ, ಬೀದಿಯಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಿದ್ದಾರೆಯೇ ನೋಡಿ. ಮನೆಗಳ ಮುಂದೆ ಪುಟ್ಟ ಸೈಕಲ್ಲುಗಳಿದ್ದೂ ಬೀದಿಯಲ್ಲಿ ಒಂದು ಮಗುವೂ ಕಾಣದಿದ್ದರೆ ಕಾರಣ ಇದ್ದೇ ಇರುತ್ತದೆ. ಟ್ಯಾಂಕರುಗಳ ಒಳದಾರಿ ಅದೇ ಆಗಿರಬಹುದು, ಬೀದಿನಾಯಿಗಳ ಹಿಂಡು ಇರಬಹುದು, ಬೀದಿದೀಪ ಇಲ್ಲದಿರಬಹುದು. ಅಲ್ಲಿನ ಕಿರಾಣಿ ಅಂಗಡಿಯವರನ್ನು ಕೇಳಿ. ಮನೆ ಮಾಲೀಕರು ಹೇಳದ್ದನ್ನು ಅವರು ಹೇಳುತ್ತಾರೆ.

ಪ್ರಶ್ನೆ: ಸರ್ಜಾಪುರ ರಸ್ತೆಯ ಕಡೆ ನೋಡಿದ ಬಾಡಿಗೆ ಮನೆಯಲ್ಲಿ ‘ಕಾವೇರಿ ಲೈನ್ ಇದೆ, ಬೋರ್ ಕೂಡ ಇದೆ’ ಅನ್ನುತ್ತಾರೆ. ನಮಗೆ ಎಂಟು ತಿಂಗಳ ಕೂಸಿದೆ. ಬೋರ್ ನೀರು ಗಡಸು ಇದ್ದರೆ ಆರ್‌ಒ ಫಿಲ್ಟರ್ ಹಾಕಿಸಿಕೊಂಡರೆ ಸಾಕಲ್ಲವೇ?
— ಓದುಗರು, ಹಾಸನ

ಉತ್ತರ: ‘ಲೈನ್ ಇದೆ’ ಬೇರೆ, ‘ನೀರು ಬರುತ್ತೆ’ ಬೇರೆ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದೇ ಕಾವೇರಿ ಐದನೇ ಹಂತವನ್ನು 2024ರ ಅಕ್ಟೋಬರಿನಲ್ಲಿ ಚಾಲೂ ಮಾಡಲಾಯಿತು. ಅದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಆದರೆ ಬೀದಿಯಲ್ಲಿ ಕೊಳವೆ ಹಾಕಿದ ಮಾತ್ರಕ್ಕೆ ಮನೆಗೆ ಸಂಪರ್ಕ ಬಂದಂತಾಗುವುದಿಲ್ಲ. ಮಾಲೀಕರು ದುಡ್ಡು ಕಟ್ಟಿ ಪಡೆದಿರಬೇಕು. ಜಲಮಂಡಳಿಯ ಕಳೆದ ಮೂರು ತಿಂಗಳ ಬಿಲ್ ಕೇಳಿ. ಅದರಲ್ಲಿ ಬಳಕೆಯ ಲೀಟರ್ ಸೊನ್ನೆ ಇದ್ದರೆ ಅಥವಾ ತೀರಾ ಕಡಿಮೆ ಇದ್ದರೆ ಮನೆ ನಡೆಯುತ್ತಿರುವುದು ಬೋರ್‌ ಅಥವಾ ಟ್ಯಾಂಕರ್ ಮೇಲೆ. ವಾರದಲ್ಲಿ ಎಷ್ಟು ದಿನ, ಎಷ್ಟು ಹೊತ್ತಿಗೆ ನೀರು ಬಿಡುತ್ತಾರೆ ಎಂಬುದನ್ನು ಪಕ್ಕದ ಮನೆಯವರ ಹತ್ತಿರ ಕೇಳಿ.

ಇನ್ನು ಲೆಕ್ಕ. ತಲೆಗೆ ದಿನಕ್ಕೆ 135 ಲೀಟರ್ ಅಂದುಕೊಂಡರೆ ನಾಲ್ಕು ಜನಕ್ಕೆ 540, ತಿಂಗಳಿಗೆ 16,200 ಲೀಟರ್. ಪೂರಾ ಟ್ಯಾಂಕರೇ ಗತಿಯಾದರೆ 6,000 ಲೀಟರಿನ ಮೂರು ಲೋಡ್. 2024ರ ಬರಗಾಲದಲ್ಲಿ ಬೆಂಗಳೂರು ಜಿಲ್ಲಾಡಳಿತ ಐದು ಕಿ.ಮೀ. ಒಳಗಿನ 6,000 ಲೀಟರ್ ಲೋಡಿಗೆ 600 ರೂಪಾಯಿ ಎಂದು ಮಿತಿ ಹಾಕಿತ್ತು. ಬೇಸಿಗೆಯಲ್ಲಿ ಬೇಡಿಕೆ ಏರಿದಾಗ ಅದಕ್ಕಿಂತ ಹೆಚ್ಚು ಕೇಳುವುದು ಮಾಮೂಲು. ಎಲ್ಲರೂ ಮರೆಯುವುದು ಸಂಪಿನ ಅಳತೆ. ಸಂಪು 4,000 ಲೀಟರಿನದ್ದಾದರೆ 6,000ದ ಲೋಡ್ ಪೂರ್ತಿ ಇಳಿಯುವುದಿಲ್ಲ, ದುಡ್ಡು ಮಾತ್ರ ಪೂರ್ತಿ ಕೊಡಬೇಕು. ಸಂಪಿನ ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಸುಮಾರು ಲೀಟರ್ ಸಿಗುತ್ತದೆ. ಹಾಗೆ ಅಳೆಯುವಾಗ ಸಂಪಿನ ಮುಚ್ಚಳಕ್ಕೆ ಬೀಗ ಹಾಕಲು ಕೊಂಡಿ ಇದೆಯೇ ನೋಡಿ. ಇಲ್ಲದಿದ್ದರೆ ಮನೆಗೆ ಬರುವ ಮುಂಚೆ ಹಾಕಿಸಿ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಇದನ್ನು ನಾಳೆಗೆ ಬಿಡುವಂತಿಲ್ಲ.

ಆರ್‌ಒ ವಿಷಯಕ್ಕೆ ಬರೋಣ. ಪೆನ್ನಿನಂಥ ಟಿಡಿಎಸ್ ಮೀಟರ್ ನೀರಲ್ಲಿ ಕರಗಿದ ಲವಣದ ಒಟ್ಟು ಮೊತ್ತವನ್ನಷ್ಟೇ ತೋರಿಸುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಲ್ಲಿ 2,000ದವರೆಗೆ ರಿಯಾಯಿತಿ. ನಿಮ್ಮ ಕೂಸಿನ ಮಟ್ಟಿಗೆ ಮುಖ್ಯವಾದದ್ದು ಆ ಮೀಟರಿಗೆ ಕಾಣಿಸುವುದೇ ಇಲ್ಲ: ನೈಟ್ರೇಟ್ ಮತ್ತು ಬ್ಯಾಕ್ಟೀರಿಯಾ. ಒಳಚರಂಡಿ ಇಲ್ಲದ ಬಡಾವಣೆಯಲ್ಲಿ ಪ್ರತಿ ಮನೆಗೂ ಶೌಚದ ಪಿಟ್ ಇರುತ್ತದೆ, ಅದರ ನೀರು ಮಣ್ಣಿಗಿಳಿದು ಬೋರ್‌ಗೆ ಸೇರುತ್ತದೆ. ನೈಟ್ರೇಟ್ 45 ಮಿಲಿಗ್ರಾಂ ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಆರು ತಿಂಗಳೊಳಗಿನ ಹಸುಗೂಸುಗಳ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟುವ ಅಪಾಯವಿದೆ. ನಿಮ್ಮ ಮಗು ಆ ವಯಸ್ಸು ದಾಟಿದ್ದರೂ ಎಚ್ಚರ ಬೇಕು. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಗಾಢವಾಗುತ್ತದೆ. ಸಾಫ್ಟ್‌ನರ್ ಗಡಸುತನ ತೆಗೆಯುತ್ತದೆ ಅಷ್ಟೆ, ನೈಟ್ರೇಟ್ ಮುಟ್ಟುವುದಿಲ್ಲ. ಆರ್‌ಒ ಬಹುಪಾಲು ತೆಗೆಯುತ್ತದೆ, ಅದರೊಳಗಿನ ಸೋಸುವ ಪದರ (ಮೆಂಬ್ರೇನ್) ಹಳತಾದರೆ ಅದೂ ಬಿಡುತ್ತದೆ. ಹಾಗಾಗಿ ಅಡ್ವಾನ್ಸ್ ಕೊಡುವ ಮುಂಚೆ ಮಾನ್ಯತೆ ಪಡೆದ ಲ್ಯಾಬಿನಲ್ಲಿ ನೈಟ್ರೇಟ್, ಫ್ಲೋರೈಡ್, ಗಡಸುತನ, ಕೋಲಿಫಾರ್ಮ್ (ಕೊಳಚೆ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಈ ನಾಲ್ಕರ ಪರೀಕ್ಷೆ ಮಾಡಿಸಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಶುದ್ಧ ಬಾಟಲಿಯಲ್ಲಿ ಹಿಡಿದು ಅದೇ ದಿನ ತಲುಪಿಸಬೇಕು. ಮಿನರಲ್ ವಾಟರ್ ಬಾಟಲಿ ತೊಳೆದು ತುಂಬಿಸಿಕೊಂಡು ಹೋದರೆ ಫಲಿತಾಂಶ ನಂಬುವಂತಿಲ್ಲ.

ಪ್ರಶ್ನೆ: ಯಲಹಂಕದ ಆಚೆ ಸೈಟ್ ನೋಡಿದ್ದೇವೆ. ಬೆಲೆ ಕಡಿಮೆ, ಆದರೆ ತಗ್ಗಿನಲ್ಲಿದೆ ಅಂತ ಅತ್ತೆಯವರು ಬೇಡ ಅನ್ನುತ್ತಿದ್ದಾರೆ. ಮಳೆ ನೀರು ನುಗ್ಗುತ್ತದೋ ಇಲ್ಲವೋ ಬೇಸಿಗೆಯಲ್ಲೇ ತಿಳಿಯುವುದು ಹೇಗೆ?
— ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಅತ್ತೆಯವರ ಮಾತು ಕೇಳುವುದು ಒಳ್ಳೆಯದು. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್, 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರ, 2025ರ ಮೇನಲ್ಲಿ ಹೊರಮಾವು ಕಡೆಯ ಸಾಯಿ ಲೇಔಟ್ ಮುಳುಗಿದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದಾರೆ. ಬೆಂಗಳೂರಿನ ಕೆರೆಗಳು ಸರಪಳಿಯಂತೆ ಒಂದಕ್ಕೊಂದು ಬೆಸೆದುಕೊಂಡಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ (ಮಳೆನೀರಿನ ದೊಡ್ಡ ಕಾಲುವೆ) ಹಿಡಿದು ಕೆಳಗಿನ ಕೆರೆಗೆ ಹೋಗಬೇಕು. ಆ ದಾರಿಯಲ್ಲಿ ಕಟ್ಟಿದ ಮನೆ ಎಷ್ಟೇ ಚೆಂದವಿರಲಿ, ನೀರಿಗೆ ಅದೇ ದಾರಿ.

ಮೊದಲು ಸರ್ವೆ ನಂಬರ್ ಕೇಳಿಕೊಂಡು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ ತೆರೆದು ಆ ಜಾಗದಲ್ಲೇ ನಿಂತು ನೋಡಿ. ಹಳ್ಳ, ಕೆರೆ, ಖರಾಬು (ಬೇಸಾಯಕ್ಕೆ ಬಾರದ ಜಮೀನು) ಅದರಲ್ಲಿ ಕಾಣುತ್ತವೆ. ಆಮೇಲೆ ಗ್ರಾಮ ನಕಾಶೆ ತೆಗೆಸಿ. ಅದರಲ್ಲಿ ಎರಡು ಗೆರೆಯ ಹಳ್ಳ ನಿಮ್ಮ ಸರ್ವೆ ನಂಬರಿನ ಅಂಚಿನಲ್ಲಿದ್ದು ಸ್ಥಳದಲ್ಲಿ ರಸ್ತೆಯಷ್ಟೇ ಕಂಡರೆ, ಹಳ್ಳವನ್ನು ಮುಚ್ಚಿದ್ದಾರೆ ಎಂದೇ ಅರ್ಥ. ನಗರದ ಬೆಳವಣಿಗೆಗೆಂದು ಮಾಡಿದ ‘ಪರಿಷ್ಕೃತ ಮಹಾನಕ್ಷೆ 2015’ರಲ್ಲಿ ಕಾಲುವೆಯ ಮಧ್ಯದಿಂದ ಮೊದಲ ದರ್ಜೆಯ, ಅಂದರೆ ದೊಡ್ಡ ಕಾಲುವೆಗೆ 50, ಎರಡನೆಯದಕ್ಕೆ 25, ಮೂರನೆಯದಕ್ಕೆ 15 ಮೀಟರ್ ಬಿಡಬೇಕೆಂದಿತ್ತು. ನಿಯಮ ಆಗಾಗ ಬದಲಾಗುತ್ತದೆ, ನೀರಿಗೆ ಅದು ಗೊತ್ತಿರುವುದಿಲ್ಲ. ಆದ್ದರಿಂದ ಈ ಅಂತರವನ್ನು ಕನಿಷ್ಠ ಎಂದೇ ಇಟ್ಟುಕೊಳ್ಳಿ.

ಕಾಗದಕ್ಕಿಂತ ಹೆಚ್ಚು ಹೇಳುವುದು ಗೋಡೆಗಳು. ಅಕ್ಕಪಕ್ಕದ ಕಾಂಪೌಂಡಿನ ಬುಡದಲ್ಲಿ ಒಂದೇ ಎತ್ತರದಲ್ಲಿ ಬೀದಿಯುದ್ದಕ್ಕೂ ಹೋಗುವ ಕಂದು ಗೆರೆ ಇದೆಯೇ? ಗೇಟಿನ ಕೆಳಗೆ ಆಮೇಲೆ ಕಟ್ಟಿದ ಅರ್ಧ ಅಡಿಯ ಸಿಮೆಂಟಿನ ತಡೆ? ಹೊರಗಿನ ವಿದ್ಯುತ್ ಮೀಟರುಗಳನ್ನೆಲ್ಲ ಎದೆಯೆತ್ತರಕ್ಕೆ ಏರಿಸಿದ್ದಾರೆಯೇ? ಹೊಸ ಮನೆಗಳ ಹೊಸಿಲು ಹಳೆಯ ಮನೆಗಳಿಗಿಂತ ಎರಡಡಿ ಎತ್ತರವೇ? ಇವುಗಳಲ್ಲಿ ಎರಡು ಕಂಡರೂ ಆ ಬೀದಿಗೆ ನೀರು ಬಂದಿದೆ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಮನೆಯ ಅಂಗಳವೇ ತಗ್ಗಾಗಿದ್ದರೆ ಕಾಲುವೆ ದೂರವಿದ್ದರೂ ನೀರು ಒಳಗೆ ಬರುತ್ತದೆ.

ಪ್ರಶ್ನೆ: ಮನೆ ಮೊದಲೋ ಸ್ಕೂಲು ಮೊದಲೋ?
— ಓದುಗರು, ಕೆಂಗೇರಿ

ಉತ್ತರ: ಮಗುವಿಗೆ ನಾಲ್ಕರೊಳಗಿನ ವಯಸ್ಸಾದರೆ ಮನೆ ಮೊದಲು. ಪ್ಲೇಹೋಮ್ ನಡೆದು ಹೋಗುವಷ್ಟು ಹತ್ತಿರವಿರಲಿ, ಹೆಸರು ದೊಡ್ಡದಿರಬೇಕಿಲ್ಲ. ಒಂದನೇ ಕ್ಲಾಸಿಗೆ ಸೇರಿಸುವುದಾದರೆ ಸ್ಕೂಲು ಮೊದಲು, ಅಲ್ಲಿ ಸೀಟು ಖಾತ್ರಿಯಾದ ಮೇಲೆ ಬಸ್ಸಿನಲ್ಲಿ ಅರ್ಧ ಗಂಟೆಯೊಳಗಿನ ಏರಿಯಾ. ಸ್ಕೂಲಿನವರು ಹೇಳುವ ದೂರವನ್ನಲ್ಲ, ನಿಮ್ಮ ಸ್ಟಾಪಿನಲ್ಲಿ ಮಗು ಹತ್ತುವ ಸಮಯ ಮತ್ತು ಗಂಟೆ ಬಾರಿಸುವ ಸಮಯ ಕೇಳಿ. ಆ ರೂಟಿನಲ್ಲಿ ನಿಮ್ಮದು ಮೊದಲ ಸ್ಟಾಪಾದರೆ ಆರು ಕಿ.ಮೀ.ಗೂ ಒಂದು ಗಂಟೆಯ ಪ್ರಯಾಣವಾಗಬಹುದು. ಬಸ್ಸಿನಲ್ಲಿ ಸಹಾಯಕಿ ಇದ್ದಾರೆಯೇ, ಕಿಟಕಿಗೆ ಅಡ್ಡಸರಳು, ವೇಗ ನಿಯಂತ್ರಕ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇವೆಯೇ ನೋಡಿ. ಇವು 1997ರ ಸುಪ್ರೀಂ ಕೋರ್ಟ್ ನಿರ್ದೇಶನದಿಂದಲೂ ಇರುವ ಷರತ್ತುಗಳು.

ಹೊಸ ಬಡಾವಣೆಗಳಲ್ಲಿ ತಲೆಯೆತ್ತಿದ ಸ್ಕೂಲುಗಳ ಬಗ್ಗೆ ಒಂದು ಎಚ್ಚರ. ಬೋರ್ಡಿನಲ್ಲಿ ‘ಸಿಬಿಎಸ್‌ಇ ಪಠ್ಯಕ್ರಮ’ ಎಂದಿದ್ದರೆ ಸಿಬಿಎಸ್‌ಇ ಮಾನ್ಯತೆ ಇದೆ ಎಂದಲ್ಲ. ಮಾನ್ಯತೆ ಸಂಖ್ಯೆ ಮತ್ತು 29ರಿಂದ ಶುರುವಾಗುವ 11 ಅಂಕಿಯ ಯುಡೈಸ್ ಸಂಖ್ಯೆ (ಪ್ರತಿ ಶಾಲೆಗೂ ಸರ್ಕಾರ ಕೊಡುವ ಗುರುತು ಸಂಖ್ಯೆ) ಎರಡನ್ನೂ ಕೇಳಿ, ಆನ್‌ಲೈನಿನಲ್ಲಿ ಹೆಸರು, ವಿಳಾಸ, ಎಷ್ಟನೇ ತರಗತಿವರೆಗೆ ಎಂಬುದನ್ನು ತಾಳೆ ನೋಡಿ. ಒಂದೇ ಹೆಸರಿನ ಬೇರೆ ಶಾಖೆಯ ಸಂಖ್ಯೆ ತೋರಿಸುವುದೂ ಉಂಟು. ಒಂದು ಕಿ.ಮೀ. ಒಳಗೆ ಸರ್ಕಾರಿ ಶಾಲೆ ಇದ್ದರೆ ಹೋಗಿ ನೋಡದೆ ಪಟ್ಟಿಯಿಂದ ತೆಗೆಯಬೇಡಿ. ಶಿಕ್ಷಕರ ಸಂಖ್ಯೆ, ಶೌಚಾಲಯ, ಮೈದಾನ, ಈ ಮೂರರಲ್ಲಿ ಪಕ್ಕದ ಖಾಸಗಿ ಶಾಲೆಗಿಂತ ಅದೇ ಮೇಲಿರಬಹುದು.

ಪ್ರಶ್ನೆ: ಪಾರ್ಕ್ ಎದುರಿನ ಸೈಟು, ಆದರೆ ಪಾರ್ಕಿನ ಮೇಲೇ ಹೈಟೆನ್ಷನ್ ತಂತಿ ಹೋಗಿದೆ. ತೊಂದರೆ ಇದೆಯೇ?
— ಓದುಗರು, ನೆಲಮಂಗಲ

ಉತ್ತರ: ತಂತಿ ಕೆಳಗೆ ಮನೆ ಕಟ್ಟುವಂತಿಲ್ಲ ಎಂದೇ ಬಡಾವಣೆಯವರು ಆ ಪಟ್ಟಿಯನ್ನು ‘ಪಾರ್ಕ್’ ಎಂದು ತೋರಿಸಿರಬಹುದು. 66 ಕೆ.ವಿ. ಮಾರ್ಗಕ್ಕೆ ಸುಮಾರು 18 ಮೀಟರ್, 220 ಕೆ.ವಿ.ಗೆ 35 ಮೀಟರ್ ಅಗಲದ ಜಾಗ ಖಾಲಿ ಇರಬೇಕು. ನಿಮ್ಮ ಸೈಟು ಅದರಾಚೆಗಿದ್ದರೆ ಕಟ್ಟಲು ಅಡ್ಡಿಯಿಲ್ಲ. ಮಕ್ಕಳ ಮಟ್ಟಿಗೆ ದಿನನಿತ್ಯದ ಅಪಾಯ ಎಂದರೆ ಗಾಳಿಪಟ ಮತ್ತು ಟವರ್ ಹತ್ತುವ ಆಟ. ಟವರಿಗೆ ಮುಳ್ಳುತಂತಿ ಸುತ್ತಿದೆಯೇ ನೋಡಿ. ಅದು ನಿಜಕ್ಕೂ ಪಾರ್ಕೇ ಎಂಬುದಕ್ಕೆ ಅನುಮೋದಿತ ನಕ್ಷೆ ಮತ್ತು ಆ ಜಾಗವನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ನೋಂದಾಯಿತ ಪತ್ರ ಕೇಳಿ. ಪತ್ರ ಇಲ್ಲದ ಪಾರ್ಕು ನಾಲ್ಕು ವರ್ಷದಲ್ಲಿ ಸೈಟಾಗಬಹುದು.

ಪ್ರಶ್ನೆ: ಗೇಟೆಡ್ ಕಮ್ಯುನಿಟಿಯೇ ಮಕ್ಕಳಿಗೆ ಸುರಕ್ಷಿತವೇ?
— ಓದುಗರು, ಮೈಸೂರು

ಉತ್ತರ: ಹೊರಗಿನ ವಾಹನದಿಂದ ಸುರಕ್ಷಿತ, ಒಳಗಿನದರಿಂದ ಅಷ್ಟೇನಲ್ಲ. ಬೇಸ್‌ಮೆಂಟ್ ಪಾರ್ಕಿಂಗ್‌ನ ರ‍್ಯಾಂಪ್ ಆಟದ ಜಾಗದ ಪಕ್ಕಕ್ಕೇ ಬಂದು ಸೇರುತ್ತದೆಯೇ, ಈಜುಕೊಳಕ್ಕೆ ತಾನಾಗೇ ಮುಚ್ಚುವ ಗೇಟಿದೆಯೇ, ಬಾಲ್ಕನಿ ಕಂಬಿಗಳ ಸಂದು ನಾಲ್ಕು ಇಂಚಿಗಿಂತ ಕಡಿಮೆಯೇ, ಇಷ್ಟು ನೋಡಿ.

ಪ್ರಶ್ನೆ: ಕೊಳ್ಳುವ ಮುಂಚೆ ಅದೇ ಏರಿಯಾದಲ್ಲಿ ಬಾಡಿಗೆಗೆ ಇರೋಣ ಅಂದುಕೊಂಡಿದ್ದೇವೆ. ಕರಾರಿನಲ್ಲಿ ಏನು ಗಮನಿಸಬೇಕು?
— ಓದುಗರು, ದಾವಣಗೆರೆ

ಉತ್ತರ: ಒಳ್ಳೆಯ ಯೋಚನೆ. ಮಾರ್ಚಿನಲ್ಲಿ ಬಂದರೆ ಒಂದು ಬೇಸಿಗೆ, ಒಂದು ಮಳೆಗಾಲ ಎರಡನ್ನೂ 11 ತಿಂಗಳ ಕರಾರಿನೊಳಗೇ ನೋಡಬಹುದು, ಮಗುವಿನ ಶಾಲೆ ಶುರುವಾಗುವ ಮೊದಲೇ ನೆಲೆಯೂರಿರುತ್ತೀರಿ. ‘ಲಾಕ್‌ಇನ್’ (ಅಷ್ಟು ದಿನ ಮನೆ ಬಿಡುವಂತಿಲ್ಲ ಎಂಬ) ಷರತ್ತು ಆರು ತಿಂಗಳು ಮೀರದಿರಲಿ, ನೋಟಿಸ್ ಒಂದು ತಿಂಗಳು ಸಾಕು. ಮನೆಗೆ ನೀರು ಬರುವುದು ನಿಂತರೆ ಟ್ಯಾಂಕರಿನ ಖರ್ಚು ಯಾರದು ಎಂಬುದನ್ನು ಬರೆಸಿ. ಖಾಲಿ ಮಾಡುವಾಗ ಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಬೆಂಗಳೂರಿನ ರೂಢಿ. ಅದೇ ಮೊತ್ತ ಎಂದು ಅಂಕಿಯಲ್ಲೇ ಬರೆಸಿಕೊಳ್ಳಿ, ‘ಗೋಡೆಯ ಸ್ಥಿತಿಗೆ ತಕ್ಕಂತೆ’ ಎಂಬ ಮಾತಿಗೆ ಒಪ್ಪಬೇಡಿ. ಮೂರು ವರ್ಷದ ಮಗುವಿನ ಕೈಗೆ ಕ್ರೇಯಾನ್ ಸಿಕ್ಕ ಮೇಲೆ ಗೋಡೆಯ ಸ್ಥಿತಿ ಹೇಗಿರುತ್ತದೆಂದು ಮಾಲೀಕರಿಗೂ ಗೊತ್ತು.