ನೋಂದಣಿ ಬೇರೆ, ಅನುಮತಿ ಬೇರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತುಮಕೂರಿನ ಹೊರವಲಯದ ಹಳ್ಳಿಯೊಂದರಲ್ಲಿ 30×40 ಅಡಿಯ ನಿವೇಶನ ಕೊಂಡಿದ್ದೇನೆ. ಕ್ರಯಪತ್ರ ನೋಂದಣಿಯಾಗಿದೆ, ಮೂಲ ಜಮೀನಿನ ಭೂಪರಿವರ್ತನೆ ಆದೇಶವಿದೆ, ಪಂಚಾಯಿತಿಗೆ ತೆರಿಗೆಯನ್ನೂ ಕಟ್ಟುತ್ತಿದ್ದೇನೆ. ಆದರೂ ಬ್ಯಾಂಕಿನವರು ಮನೆ ಸಾಲ ನಿರಾಕರಿಸಿದ್ದಾರೆ. ಕೊರತೆ ಎಲ್ಲಿದೆ?

ಉತ್ತರ: ನೀವು ಹೇಳಿದ ಮೂರು ಕಾಗದಗಳಲ್ಲಿ ಬಡಾವಣೆ ನಕ್ಷೆಯ ಅನುಮೋದನೆ ಇಲ್ಲ, ಬ್ಯಾಂಕು ಹುಡುಕಿದ್ದು ಬಹುಶಃ ಅದನ್ನೇ. ಉಪನೋಂದಣಾಧಿಕಾರಿಯು ಮಾರಾಟವನ್ನು ದಾಖಲಿಸುತ್ತಾರೆಯೇ ಹೊರತು, ಆ ಜಾಗದಲ್ಲಿ ಮನೆ ಕಟ್ಟಬಹುದೆಂದು ದೃಢೀಕರಿಸುವುದಿಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದಡಿ ಸಿಗುವ ಭೂಪರಿವರ್ತನೆಯು ಜಮೀನನ್ನು ಕೃಷಿಯಿಂದ ವಾಸದ ಬಳಕೆಗೆ ತರುತ್ತದೆ. ಆದರೆ ಆ ಜಮೀನನ್ನು ಹೇಗೆ ತುಂಡು ಮಾಡಬೇಕು, ರಸ್ತೆ ಎಷ್ಟು ಅಗಲವಿರಬೇಕು, ಉದ್ಯಾನಕ್ಕೂ ನಾಗರಿಕ ಸೌಲಭ್ಯಕ್ಕೂ ಎಷ್ಟು ಜಾಗ ಬಿಡಬೇಕು ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ 17ನೇ ಪ್ರಕರಣದಂತೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು. ಹಾಗೆ ಮಂಜೂರಾದ ಬಡಾವಣೆಯಲ್ಲಿ ರಸ್ತೆ, ಉದ್ಯಾನಗಳು ಪರಿತ್ಯಾಜನಾ ಪತ್ರದ (ಹಕ್ಕು ಬಿಟ್ಟುಕೊಡುವ ಪತ್ರದ) ಮೂಲಕ ಸ್ಥಳೀಯ ಸಂಸ್ಥೆಗೆ ಸೇರುತ್ತವೆ. ಮಂಜೂರಾಗದ ಕಡೆ ನಿಮ್ಮ ಮನೆ ಮುಂದಿನ ರಸ್ತೆ ಕಾಗದದಲ್ಲಿ ಇನ್ನೂ ಮಾರಿದವರದೇ ಆಗಿರಬಹುದು. ಮಾರುವವರು ಹಂಚುವ ಬಣ್ಣಬಣ್ಣದ ನಕ್ಷೆಯ ಮೇಲೆ ಪ್ರಾಧಿಕಾರದ ಮುದ್ರೆ ಹಾಗೂ ಮಂಜೂರಾತಿ ಸಂಖ್ಯೆ ಇಲ್ಲದಿದ್ದರೆ ಅದು ಕೇವಲ ಜಾಹೀರಾತು.

ತೆರಿಗೆ ರಸೀದಿಯಿಂದಲೂ ಈ ಕೊರತೆ ತುಂಬುವುದಿಲ್ಲ, ಏಕೆಂದರೆ ಪಂಚಾಯಿತಿಯು ಅಕ್ರಮ ಸ್ವತ್ತಿನಿಂದಲೂ ತೆರಿಗೆ ಪಡೆಯಬಹುದು. ಗ್ರಾಮ ಪಂಚಾಯಿತಿ ಸ್ವತ್ತುಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಿಮಗೆ ಸಿಕ್ಕಿರುವುದು ನಮೂನೆ 9 ಮತ್ತು 11ಎ ಆಗಿದೆಯೇ, ಅಥವಾ 11ಬಿ ಆಗಿದೆಯೇ ಎಂದು ಮೊದಲು ನೋಡಿರಿ. ಮೊದಲಿನವು ಕ್ರಮಬದ್ಧ ಸ್ವತ್ತಿಗೆ, 11ಬಿ ಕ್ರಮಬದ್ಧವಲ್ಲದ ಸ್ವತ್ತಿಗೆ ಕೊಡುವ ನಮೂನೆ; 11ಬಿ ಆಗಿದ್ದರೆ ಬ್ಯಾಂಕಿನ ಸಂಶಯಕ್ಕೆ ಆಧಾರವಿದೆ. ನಂತರ ಪ್ರಾಧಿಕಾರದಲ್ಲಿ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಭೂಬಳಕೆ ನಕ್ಷೆ ಕೇಳಿ, ನಿಮ್ಮ ಸರ್ವೆ ನಂಬರು ವಸತಿ ವಲಯದಲ್ಲಿದೆಯೇ ಎಂದು ತಿಳಿದುಕೊಳ್ಳಿರಿ. ವಲಯ ಬೇರೆಯಾಗಿದ್ದರೆ ಭೂಬಳಕೆ ಬದಲಾವಣೆಗೆ ಯೋಜನಾ ಅಧಿನಿಯಮದ 14ಎ ಪ್ರಕರಣದಡಿ ಪ್ರತ್ಯೇಕ ಅರ್ಜಿ ಬೇಕಾಗುತ್ತದೆ. ವಲಯ ಸರಿಯಿದ್ದರೂ ಒಂದು ನಿವೇಶನಕ್ಕಾಗಿ ಇಡೀ ಬಡಾವಣೆಯ ಲೋಪವನ್ನು ಸರಿಪಡಿಸುವುದು ಕಷ್ಟ. ಕೊಂಡವರೆಲ್ಲರೂ ಒಟ್ಟಾಗಿ, ಸಾಧ್ಯವಾದರೆ ಮೂಲ ಮಾಲೀಕರನ್ನೂ ಜೊತೆಗೆ ಕರೆದುಕೊಂಡು ಪ್ರಾಧಿಕಾರಕ್ಕೆ ಹೋಗುವುದೇ ನನ್ನ ದೃಷ್ಟಿಯಲ್ಲಿ ಸರಿಯಾದ ಮಾರ್ಗ. ಅಲ್ಲಿಯವರೆಗೆ ಪಾಯ ತೋಡಬೇಡಿರಿ.

ಪ್ರಶ್ನೆ: ನಮಗೆ ಎರಡು ಎಕರೆ ತೋಟವಿದೆ. ಅಲ್ಲಿಯೇ ಮನೆ ಕಟ್ಟಿಕೊಳ್ಳಲು ಭೂಪರಿವರ್ತನೆ ಮಾಡಿಸಲೇಬೇಕೆ?

ಉತ್ತರ: ಬೇಸಾಯಕ್ಕೆ ಅನುಕೂಲವಾಗಲೆಂದು ಕಟ್ಟುವ ತೋಟದ ಮನೆಗೆ ಬೇಡ. ಭೂಕಂದಾಯ ಅಧಿನಿಯಮದ ಅದೇ 95ನೇ ಪ್ರಕರಣವು ಹಿಡುವಳಿಯ ಶೇ. 10ನ್ನು ಮೀರದಂತೆ, ನಿಯಮಗಳ ಗರಿಷ್ಠ ಮಿತಿಗೆ ಒಳಪಟ್ಟು, ಇಂತಹ ಕಟ್ಟಡಕ್ಕೆ ಅವಕಾಶ ನೀಡುತ್ತದೆ. ಎರಡು ಎಕರೆಯೆಂದರೆ 80 ಗುಂಟೆ, ಅದರ ಶೇ. 10 ಎಂಟು ಗುಂಟೆಯಾಗುತ್ತದೆ. ಆದರೆ ಅದೇ ಕಟ್ಟಡವನ್ನು ಹೋಂಸ್ಟೇ ಅಥವಾ ಮದುವೆ ಮಂಟಪ ಮಾಡಿದರೆ ಈ ರಿಯಾಯಿತಿ ಅನ್ವಯಿಸುವುದಿಲ್ಲ. ಪರಿವರ್ತನೆ ಬೇಡವೆಂದ ಮಾತ್ರಕ್ಕೆ ಪಂಚಾಯಿತಿಯ ಕಟ್ಟಡ ಪರವಾನಗಿಯೂ ಬೇಡವೆಂದು ತಿಳಿಯಬಾರದು.

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ನಿವೇಶನದ ಪಕ್ಕ ಒಣಗಿದ ಕಾಲುವೆಯಿದೆ. ನೀರೇ ಇಲ್ಲದ ಕಾಲುವೆಗೂ ಜಾಗ ಬಿಡಬೇಕೆ?

ಉತ್ತರ: ಬಿಡಬೇಕು. ಬೇಸಿಗೆಯಲ್ಲಿ ನೀರಿದೆಯೇ ಎಂಬುದು ಇಲ್ಲಿ ಮುಖ್ಯವಲ್ಲ. ಗ್ರಾಮ ನಕ್ಷೆಯಲ್ಲಿ ಅದು ರಾಜಕಾಲುವೆಯೆಂದು (ಮಳೆನೀರು ಹರಿಯುವ ಸಾರ್ವಜನಿಕ ಕಾಲುವೆ) ದಾಖಲಾಗಿದೆಯೇ ಎಂಬುದು ಮುಖ್ಯ. ಪರಿಷ್ಕೃತ ಮಹಾಯೋಜನೆ 2015ರಂತೆ ಕಾಲುವೆಯ ಮಧ್ಯರೇಖೆಯಿಂದ ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಬಿಡಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಈ ಅಂತರಗಳನ್ನು ಹೆಚ್ಚಿಸಿತ್ತು, ಆದರೆ 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ರದ್ದುಗೊಳಿಸಿದ್ದರಿಂದ ಹಿಂದಿನ ಅಳತೆಗಳೇ ಮರಳಿ ಬಂದವು. ನಿಮ್ಮದು ಯಾವ ದರ್ಜೆಯ ಕಾಲುವೆಯೆಂಬುದನ್ನು ಭೂಮಾಪಕರಿಂದ ಗುರುತು ಮಾಡಿಸಿದ ನಂತರವೇ ಕಟ್ಟಡದ ನಕ್ಷೆ ಬರೆಸಿರಿ.