ಚಳಿ ಇಳಿಯುವಾಗ ಕೈ ಯಾಕೆ ಸುಮ್ಮನಿರುವುದಿಲ್ಲ?

"ಚಳಿ ಇನ್ನೂ ಪೂರ್ತಿ ಬಿಟ್ಟಿಲ್ಲ, ಆದರೂ ದಿನಾ ಬೀಜದ ಪೊಟ್ಟಣ ತೆಗೆದು ನೋಡುತ್ತಾ ಕೂರುತ್ತೇನೆ. ಹೊಸದಾಗಿ ಕೈತೋಟ ಮಾಡುವವರಿಗೆಲ್ಲ ಹೀಗೇ ಆಗುತ್ತಾ? ಈಗಲೇ ಬಿತ್ತಿಬಿಡಲಾ?" ಎಂದು ಕೇಳಿದ್ದೀರಿ.

ಹೊಸಬರಿಗೆ ಮಾತ್ರ ಅಂದುಕೊಳ್ಳಬೇಡಿ. ನಾನು ಹನ್ನೊಂದು ವರ್ಷದಿಂದ ಕೈತೋಟ ಮಾಡುತ್ತಿದ್ದೇನೆ. ಪ್ರತಿ ವರ್ಷ ಈ ಹೊತ್ತಿಗೆ ನನಗೂ ಇದೇ ತಹತಹ. ಬೆಳಿಗ್ಗೆ ಎದ್ದವಳೇ ಮುಖ ತೊಳೆಯುವ ಮೊದಲು ಹಿತ್ತಿಲ ಬಾಗಿಲು ತೆಗೆಯುತ್ತೇನೆ. ರಾತ್ರಿ ಕಳೆದು ಬೆಳಗಾಗುವುದರೊಳಗೆ ಏನಾದರೂ ಬದಲಾಗಿರುತ್ತದೆ ಎಂಬ ನಂಬಿಕೆ. ಬಹಳ ಸಲ ಬದಲಾಗಿಯೂ ಇರುತ್ತದೆ.

ಹೋದ ವಾರ ಗುಲಾಬಿ ಗಿಡದ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದೆ. ಚಳಿಗಾಲವಿಡೀ ಒಣಕಡ್ಡಿಯ ಹಾಗೆ ನಿಂತಿದ್ದ ಕೊಂಬೆ. ಈಗ ಅದರ ಕಣ್ಣುಗಳಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು. ಬೆರಳಲ್ಲಿ ಮೆಲ್ಲಗೆ ಮುಟ್ಟಿದರೆ ಒಳಗೇನೋ ತುಂಬಿಕೊಂಡ ಹಾಗೆ ಗಟ್ಟಿ. ಮೂರು ದಿನ ಬಿಟ್ಟು ಹೋಗಿ ನೋಡಿದೆ. ಅದೇ ಚುಕ್ಕೆ ಜೋಳದ ಕಾಳಿನಷ್ಟಾಗಿತ್ತು. ತುದಿ ಸ್ವಲ್ಪ ಸೀಳಿ, ಒಳಗೆ ಮಡಚಿಕೊಂಡಿದ್ದ ಎಲೆಯ ಅಂಚು ಕಾಣುತ್ತಿತ್ತು. ಆ ಅಂಚಿನಲ್ಲಿ ಗರಗಸದ ಹಲ್ಲಿನಂಥ ಕಚ್ಚುಗಳು ಆಗಲೇ ಇದ್ದವು! ಎಲೆ ಇನ್ನೂ ಬಿಚ್ಚಿಲ್ಲ, ಆಕಾರ ಮಾತ್ರ ಪೂರ್ತಿ ತಯಾರು. ಎಷ್ಟು ಹೊತ್ತು ಅಲ್ಲೇ ಕೂತಿದ್ದೆನೋ ಗೊತ್ತಾಗಲಿಲ್ಲ.

ಸೇಬು, ಚೆರ್ರಿಯಂಥ ಮರಗಳದ್ದು ಇನ್ನೂ ಚೆಂದದ ಕಥೆ. ಈಗ ಅರಳುವ ಹೂವಿನ ಮೊಗ್ಗು ಶುರುವಾಗಿದ್ದು ಹೋದ ಬೇಸಿಗೆಯಲ್ಲಿ. ಆಮೇಲೆ ಅದು ಮಲಗಿಬಿಡುತ್ತದೆ. ಎದ್ದೇಳಬೇಕಾದರೆ ಮೊದಲು ಚಳಿ ಬೇಕು. ಸೇಬಿನ ಎಷ್ಟೋ ತಳಿಗಳಿಗೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಗಬೇಕು. ಅಷ್ಟು ಸಿಕ್ಕಿದ ಮೇಲೆ ಬಿಸಿಲು ಕಾಯಿಸಿದರೆ ಮಾತ್ರ ಮೊಗ್ಗು ಒಡೆಯುತ್ತದೆ. ನಾವು ಕಂಬಳಿ ಹೊದ್ದು ಬೇಜಾರು ಮಾಡಿಕೊಂಡಿದ್ದ ದಿನಗಳನ್ನೆಲ್ಲ ಮರ ಒಂದೊಂದಾಗಿ ಲೆಕ್ಕ ಹಾಕುತ್ತಿತ್ತು. ಇದು ಗೊತ್ತಾದ ಮೇಲೆ ನನಗೆ ಚಳಿಗಾಲದ ಮೇಲೂ ಪ್ರೀತಿ ಬಂದಿದೆ.

ಬೆಳಕೂ ಸುಮ್ಮನಿರುವುದಿಲ್ಲ. ಭೂಮಿಯ ಉತ್ತರಾರ್ಧದಲ್ಲಿ ಹಗಲು ಅತಿ ಬೇಗ ಬೇಗ ಉದ್ದವಾಗುವುದು ಮಾರ್ಚ್ 20ರ ಆಸುಪಾಸಿನಲ್ಲಿ. ಸಂಜೆ ಕೆಲಸ ಮುಗಿಸಿ ಬಂದ ಮೇಲೂ ಗಿಡದ ಮುಖ ಕಾಣುತ್ತದಲ್ವಾ, ಅದೇ ಒಂದು ಖುಷಿ. ಮಣ್ಣಿನ ವಾಸನೆಯೂ ವಾಪಸ್ ಬರುತ್ತದೆ. ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ಜಿಯೋಸ್ಮಿನ್ ಅದಕ್ಕೆ ಕಾರಣ. ಆ ಹೆಸರು ಬಂದಿದ್ದು 1965ರಲ್ಲಿ. ಒಂದು ಹಿಡಿ ಮಣ್ಣು ಎತ್ತಿ ಮೂಸಿ ನೋಡಿ, ನಾನು ಹೇಳುತ್ತಿರುವುದು ಅರ್ಥವಾಗುತ್ತದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಈಗಲೇ ಬಿತ್ತಬಹುದಾ? ಕೆಲವನ್ನು ಧಾರಾಳವಾಗಿ ಬಿತ್ತಿ. ಎಲ್ಲವನ್ನೂ ಬೇಡ.

ತೋಟ ಶುರು ಮಾಡಿದ ಮೂರನೇ ವರ್ಷ ನಾನು ಆತುರ ಮಾಡಿದೆ. ನಾಲ್ಕು ದಿನ ಸತತವಾಗಿ ಒಳ್ಳೆ ಬಿಸಿಲು ಬಂತು. ಚಳಿ ಹೋಯಿತು ಅಂದುಕೊಂಡು ಟೊಮೆಟೊ ಬೀಜವನ್ನೆಲ್ಲ ನೇರವಾಗಿ ಪಾತಿಗೆ ಹಾಕಿದೆ. ಎರಡು ವಾರ ಆಯಿತು, ಮೂರು ವಾರ ಆಯಿತು, ಏನೂ ಬರಲಿಲ್ಲ. ಕೆದಕಿ ನೋಡಿದರೆ ಬೀಜ ಮೆತ್ತಗಾಗಿ ಕೊಳೆತಿತ್ತು. ನಾನೇ ಬೆಳೆದ ಹಣ್ಣಿನಿಂದ ತೆಗೆದು, ತೊಳೆದು, ಒಣಗಿಸಿ ಇಟ್ಟಿದ್ದ ಬೀಜ ಅದು. ತುಂಬಾ ಸಂಕಟವಾಯಿತು.

ಗಾಳಿ ಬೆಚ್ಚಗಾದ ತಕ್ಷಣ ಮಣ್ಣು ಬೆಚ್ಚಗಾಗುವುದಿಲ್ಲ. ನೆಂದ ಮಣ್ಣಂತೂ ಇನ್ನೂ ನಿಧಾನ, ಯಾಕೆಂದರೆ ನೀರು ಕಾಯಲು ಜಾಸ್ತಿ ಶಾಖ ಬೇಕು. ಟೊಮೆಟೊ ಬೀಜಕ್ಕೆ ಮಣ್ಣು 25 ಡಿಗ್ರಿ ಇದ್ದರೆ ಸುಮಾರು 6 ದಿನದಲ್ಲಿ ಮೊಳಕೆ. 20 ಡಿಗ್ರಿಯಲ್ಲಿ 8 ದಿನ, 15ರಲ್ಲಿ 14 ದಿನ. 10 ಡಿಗ್ರಿಗೆ ಇಳಿದರೆ 40 ದಿನ ದಾಟುತ್ತದೆ. ಅಷ್ಟು ದಿನ ತಣ್ಣಗಿನ ಒದ್ದೆ ಮಣ್ಣಿನಲ್ಲಿ ಬಿದ್ದಿದ್ದರೆ ಶಿಲೀಂಧ್ರ ಬಿಡುತ್ತದಾ? ಅದಕ್ಕೇ ಈಗ ನನ್ನ ಹತ್ತಿರ ಮಣ್ಣಿಗೆ ಚುಚ್ಚುವ ಥರ್ಮಾಮೀಟರ್ ಇದೆ. ಒಂದು ಬೆರಳಿನಷ್ಟು ಆಳಕ್ಕೆ ಇಳಿಸಿ, ಬೆಳಿಗ್ಗೆ ಹೊತ್ತು ನೋಡುತ್ತೇನೆ. ಮಧ್ಯಾಹ್ನದ ಅಂಕಿ ನೋಡಿ ಬಿತ್ತಬೇಡಿ.

ಬಟಾಣಿ, ಪಾಲಕ್, ಮೂಲಂಗಿ, ಲೆಟ್ಯೂಸ್ ಇವಕ್ಕೆಲ್ಲ ತಂಪು ಇಷ್ಟ. ಇವನ್ನು ಈಗಲೇ ಹೊರಗೆ ಹಾಕಬಹುದು, ಮಣ್ಣು ಹದಕ್ಕೆ ಬಂದಿದ್ದರೆ ಸಾಕು. ಹದ ನೋಡುವುದು ಸುಲಭ. ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಹಿಸುಕಿ, ಕೈ ಬಿಚ್ಚಿ, ಹೆಬ್ಬೆರಳಲ್ಲಿ ಒತ್ತಿ. ಪುಡಿಪುಡಿಯಾಗಿ ಉದುರಿದರೆ ಕೆಲಸ ಶುರು ಮಾಡಿ. ಉಂಡೆ ಹಾಗೇ ಅಂಟಿಕೊಂಡಿದ್ದರೆ ಇನ್ನೆರಡು ದಿನ ಬಿಡಿ. ಒದ್ದೆ ಮಣ್ಣನ್ನು ಅಗೆದರೆ, ತುಳಿದರೆ, ಒಣಗಿದ ಮೇಲೆ ಇಟ್ಟಿಗೆಯಂತಾಗುತ್ತದೆ. ಆಮೇಲೆ ಅದನ್ನು ಸರಿ ಮಾಡಲು ಇಡೀ ವರ್ಷ ಒದ್ದಾಡಬೇಕು.

ಟೊಮೆಟೊ, ಮೆಣಸಿನಕಾಯಿ, ಬದನೆ ಬಿತ್ತದೆ ಇರಲು ಆಗುವುದೇ ಇಲ್ಲ ಅನ್ನಿಸಿದರೆ ಮನೆಯೊಳಗೆ ಟ್ರೇಯಲ್ಲಿ ಹಾಕಿ. ಬೀಜದ ದಪ್ಪದ ಎರಡು ಮೂರು ಪಟ್ಟು ಆಳ ಸಾಕು. ಮೊಳಕೆ ಕಂಡ ದಿನವೇ ಟ್ರೇಯನ್ನು ಒಳ್ಳೆ ಬೆಳಕಿಗೆ ತನ್ನಿ. ಬೆಳಕು ಕಡಿಮೆಯಾದರೆ ಸಸಿ ಉದ್ದಕ್ಕೆ, ತೆಳ್ಳಗೆ ಬೆಳೆದು ಬಾಗಿಬಿಡುತ್ತದೆ. ನೀರು ಜಾಸ್ತಿಯಾದರೆ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಮಲಗುತ್ತದೆ. ಹೊರಗೆ ನೆಡುವ ಮೊದಲು ಒಂದು ವಾರ, ಹತ್ತು ದಿನ, ದಿನಾ ಸ್ವಲ್ಪ ಸ್ವಲ್ಪ ಹೊತ್ತು ಬಿಸಿಲು ಗಾಳಿಗೆ ಇಟ್ಟು ರೂಢಿ ಮಾಡಿಸಿ. ಇಷ್ಟು ನೋಡಿಕೊಂಡರೆ ಸಾಕು.

ಉಳಿದ ಉತ್ಸಾಹವನ್ನು ಏನು ಮಾಡುವುದು ಅಂದರೆ, ಒಂದು ನೋಟ್‌ಬುಕ್ ಇಡಿ. ಇದು ನನ್ನ ಖಾಸಾ ಸಲಹೆ, ಉಳಿದದ್ದು ಮರೆತರೂ ಇದನ್ನು ಮರೆಯಬೇಡಿ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬುವವರು 1736ರಲ್ಲಿ ವಸಂತದ ಗುರುತುಗಳನ್ನು ಬರೆದಿಡಲು ಶುರು ಮಾಡಿದರು. ಮೊದಲ ಹೂ ಯಾವತ್ತು ಅರಳಿತು, ಯಾವ ಮರ ಯಾವತ್ತು ಚಿಗುರಿತು, ಕಪ್ಪೆ ಯಾವತ್ತು ಕೂಗಿತು, ಹೀಗೆ 27 ಗುರುತು. ಅವರ ನಂತರ ಮನೆತನದವರು 1958ರವರೆಗೂ ಬರೆದರು. ಹವಾಮಾನ ಬದಲಾವಣೆಯನ್ನು ಅಧ್ಯಯನ ಮಾಡುವವರಿಗೆ ಆ ದಾಖಲೆ ಈಗಲೂ ಬೇಕಾಗುತ್ತದೆ. ಒಬ್ಬರ ಹಿತ್ತಿಲ ತಹತಹ ಎಷ್ಟು ತಲೆಮಾರು ನಡೆದುಬಂತು ನೋಡಿ!

ನನ್ನ ಪುಸ್ತಕದಲ್ಲಿ ಎಂಟು ವರ್ಷದ ಬರಹ ಇದೆ. ಟೊಮೆಟೊ ಬೀಜ ಕೊಳೆತ ವರ್ಷದಿಂದಲೇ ಬರೆಯುತ್ತಿದ್ದೇನೆ. ಗುಲಾಬಿಯ ಕಣ್ಣು ಕೆಂಪಾದ ದಿನ, ಎರೆಹುಳ ಮೊದಲು ಮೇಲೆ ಕಂಡ ದಿನ, ಬೆಳಗಿನ ಮಣ್ಣು 10 ಡಿಗ್ರಿ ದಾಟಿದ ದಿನ. ಇವತ್ತಿನ ಸಾಲು ಈಗಷ್ಟೇ ಬರೆದೆ: ಬಟಾಣಿ ಪಾತಿಯಲ್ಲಿ ಮಣ್ಣು ಬಿರಿದಿದೆ, ಮೂರು ಕಡೆ ತಲೆ ಬಗ್ಗಿಸಿಕೊಂಡ ಹಸಿರು ಕೊಕ್ಕೆ ಕಾಣುತ್ತಿದೆ, ಒಂದರ ತಲೆಯ ಮೇಲೆ ಮಣ್ಣಿನ ಹೆಂಟೆ ಹಾಗೇ ಕೂತಿದೆ. ನಾಳೆ ಬೆಳಿಗ್ಗೆ ಅದು ಬಿದ್ದಿರುತ್ತದಾ ಎಂದು ಮೊದಲು ನೋಡಬೇಕು.