ಬಿಲ್ಲಿನ ತಾರೀಖು

ನನ್ನ ಹತ್ತಿರ ಸಲಹೆಗೆ ಬಂದ ಒಬ್ಬ ಹೆಂಗಸಿನ ಕಥೆ ಇದು, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಆಯುಷ್ಯ ಜಾಸ್ತಿ ಮಾಡುತ್ತೆ ಅನ್ನೋ ಕ್ಯಾಪ್ಸೂಲಿನ ಡಬ್ಬಿ ನನ್ನ ಮೇಜಿನ ಮೇಲೆ ಬಂದಿದ್ದು ಈ ವರ್ಷ ಇದು ಮೂರನೇ ಸಲ. ಅದಕ್ಕೇ ಬರೆಯುತ್ತಿದ್ದೇನೆ.

ಆಕೆಗೆ ಐವತ್ತರ ಆಸುಪಾಸು. ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತಾರೆ. ಗಂಡನಿಗೆ ಮೆದುಳಿನ ಕ್ಯಾನ್ಸರ್ ಗೆಡ್ಡೆ, ಗ್ಲಿಯೋಬ್ಲಾಸ್ಟೋಮಾ. ಆಪರೇಷನ್ ಮುಗಿದು ರೇಡಿಯೇಷನ್, ಟೆಮೊಜೊಲೊಮೈಡ್ ಅನ್ನೋ ಕೀಮೋ ಮಾತ್ರೆ ನಡೆಯುತ್ತಿತ್ತು. ನಿದ್ದೆ ಬರಲ್ಲ ಅಂತ ಬಂದವರು ಎರಡು ಭೇಟಿಯಲ್ಲೂ ನಿದ್ದೆಯ ಮಾತೇ ಆಡಿದರು.

ಮೂರನೇ ಸಲ ಚೀಲದಿಂದ ಡಬ್ಬಿ ತೆಗೆದರು. ಟೆಲೋಮಿಯರ್, ಅಂದರೆ ಜೀವಕೋಶದೊಳಗಿನ ವರ್ಣತಂತುವಿನ ತುದಿ, ಉದ್ದ ಮಾಡುವ ಕ್ಯಾಪ್ಸೂಲ್ ಅಂತೆ. ಗಂಡನಿಗೆ ಕೊಡುತ್ತಿದ್ದರು. "ನೊಬೆಲ್ ಬಂದಿರೋ ವಿಜ್ಞಾನ, ಆಯುಷ್ಯ ಜಾಸ್ತಿ ಆಗುತ್ತೆ ಅಂತ ನಮ್ಮ ತಮ್ಮನ ಮಗ ತರಿಸಿಕೊಟ್ಟ ಮೇಡಂ." ನೊಬೆಲ್ ಮಾತು ಸುಳ್ಳಲ್ಲ, 2009ರಲ್ಲಿ ಮೂವರು ವಿಜ್ಞಾನಿಗಳಿಗೆ ಬಂತು. ಡಬ್ಬಿಗೆ ಬರಲಿಲ್ಲ ಅಷ್ಟೇ.

ಆಮೇಲೆ ಬಯಾಪ್ಸಿ ರಿಪೋರ್ಟ್ ಬಿಚ್ಚಿದರು. ಒಂದು ಸಾಲಿಗೆ ಮಗಳು ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದಳು: ಟರ್ಟ್ ಪ್ರಮೋಟರ್ ಮ್ಯುಟೇಶನ್, ಸಿ228ಟಿ. "ಗೆಡ್ಡೆ ಟೆಲೋಮಿಯರ್ ಉಳಿಸಿಕೊಂಡೇ ಬೆಳೀತಿದೆ ಅಂತ ಮಗಳು ಓದಿದ್ಲು. ನಾನೇ ಅದಕ್ಕೆ ಊಟ ಹಾಕಿದ್ನಾ ಮೇಡಂ?"

ನಿದ್ದೆ ಯಾಕೆ ಬರುತ್ತಿಲ್ಲ ಅಂತ ಆಗ ಗೊತ್ತಾಯಿತು.

ಕುಚ್ಚಿನಿಂದಲೇ ಶುರುಮಾಡಿದೆ. ಕುಚ್ಚು ಕಟ್ಟದಿದ್ದರೆ ಸೆರಗಿನ ಎಳೆ ಬಿಚ್ಚಿಕೊಳ್ಳುತ್ತೆ ಅಲ್ವಾ? ವರ್ಣತಂತುವಿನ ತುದಿಯ ಕುಚ್ಚೇ ಟೆಲೋಮಿಯರ್. ಜೀವಕೋಶ ಒಂದು ಎರಡಾದಾಗಲೆಲ್ಲ ಅದು ಸ್ವಲ್ಪ ಸವೆಯುತ್ತೆ, ತೀರಾ ಸವೆದರೆ ಕೋಶ ಮುಂದೆ ಎರಡಾಗಲ್ಲ. ಮತ್ತೆ ಕಟ್ಟಿಕೊಡುವ ಕಿಣ್ವ ಟೆಲೊಮರೇಸ್. ದೊಡ್ಡವರ ಬಹುಪಾಲು ಕೋಶಗಳಲ್ಲಿ ಅದು ಆಫ್ ಆಗಿರುತ್ತೆ. ರಿಪೋರ್ಟಿನ ಟರ್ಟ್ ಅಂದರೆ ಆ ಕಿಣ್ವದ ಜೀನ್, ಪ್ರಮೋಟರ್ ಅಂದರೆ ಅದರ ಸ್ವಿಚ್ಚು. ಈ ಗೆಡ್ಡೆಯಲ್ಲಿ ಆ ಸ್ವಿಚ್ಚಿನ ಒಂದೇ ಅಕ್ಷರ ಬದಲಾಗಿ, ಸಿ ಇದ್ದಲ್ಲಿ ಟಿ ಬಂದು, ಆನ್ ಆಗಿದೆ. ದೊಡ್ಡವರ ಗ್ಲಿಯೋಬ್ಲಾಸ್ಟೋಮಾದಲ್ಲಿ ಸುಮಾರು 80 ಪರ್ಸೆಂಟ್ ಇಂಥದ್ದೇ.

"ಅಂದ್ರೆ ಅದು ತಾನೇ ಕುಚ್ಚು ಕಟ್ಕೊಳ್ತಿದೆ," ಅಂದರು.

ಕ್ಯಾಪ್ಸೂಲಿನ ಬಿಲ್ ಇದೆಯಾ ಅಂತ ಕೇಳಿದೆ. ಪರ್ಸಿನಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ರಿಪೋರ್ಟಿನ ಪಕ್ಕ ಇಟ್ಟೆ. ಆಪರೇಷನ್‌ನಲ್ಲಿ ತೆಗೆದ ಚೂರು ಫೆಬ್ರವರಿಯದ್ದು. ಬಿಲ್ಲು ಏಪ್ರಿಲ್‌ನದ್ದು. ಎರಡೂ ತಾರೀಖಿನ ಮೇಲೆ ಬೆರಳಿಟ್ಟು ಓದಿದರು, ಮತ್ತೊಮ್ಮೆ ಓದಿದರು.

"ಹಾಗಾದ್ರೆ ಮೊದಲೇ ಇತ್ತು."

"ಮೊದಲೇ ಇತ್ತಮ್ಮ."

ಅಳಲಿಲ್ಲ. ನೀರು ಕೇಳಿದರು.

ಹಾಗಂತ ಕ್ಯಾಪ್ಸೂಲಿಗೆ ನಾನು ಸರ್ಟಿಫಿಕೇಟ್ ಕೊಡಲಿಲ್ಲ. ಇವತ್ತೇ ನಿಲ್ಲಿಸಿ, ಡಬ್ಬಿ ತಗೊಂಡು ಹೋಗಿ ಗಂಡನ ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ ಅಂದೆ. ಬೈತಾರೆ ಅಂತ ಅಲ್ಲಿ ಮುಚ್ಚಿಟ್ಟಿದ್ದರು. ಈ ಬದಲಾವಣೆ ಗೆಡ್ಡೆಯ ಕೋಶಗಳಲ್ಲೇ ಹುಟ್ಟಿದ್ದು, ಮಕ್ಕಳಿಗೆ ಬರೋದಲ್ಲ ಅಂತ ಮಗಳಿಗೂ ಹೇಳಿ ಅಂದೆ. ಕುಚ್ಚು ಕಟ್ಟೋದನ್ನ ನಿಲ್ಲಿಸೋ ಔಷಧಿ ಇಲ್ವಾ ಅಂತಲೂ ಕೇಳಿದರು. ಇಮೆಟೆಲ್‌ಸ್ಟಾಟ್ ಅಂತ ಒಂದಕ್ಕೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಆದರೆ ರಕ್ತದ ಒಂದು ಕಾಯಿಲೆಗೆ, ಈ ಗೆಡ್ಡೆಗಲ್ಲ. ಅದನ್ನೂ ಮುಚ್ಚಿಡಲಿಲ್ಲ.

ಇದ್ದ ಒಂದು ಆಸೆಯನ್ನೂ ಕಿತ್ಕೊಂಡೆ ಅಂತ ಸಹೋದ್ಯೋಗಿಯೊಬ್ಬರು ಅಂದರು. ಇರಬಹುದು. ಆದರೆ ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು, ಗಂಡನನ್ನು ನಾನೇ ಕೊಂದೆನಾ ಅಂತ ಲೆಕ್ಕ ಹಾಕುವವರಿಗೆ ಆ ಆಸೆಯಿಂದ ಏನು ಸಿಗುತ್ತಿತ್ತೋ ನನಗೆ ಗೊತ್ತಾಗಲಿಲ್ಲ.

ಮುಂದಿನ ಸಲ ಬಂದಾಗ ನಿದ್ದೆಯ ಮಾತೇ ಇಲ್ಲ. "ಒಡೆಯದೇ ಇರೋ ಎರಡು ಡಬ್ಬಿ ಇದೆ ಮೇಡಂ," ಅಂದರು. "ವಾಪಸ್ ತಗೋತಾರಾ?"